ತಪ್ಪುವ ಗುಂಡಿನ ಲೆಕ್ಕ: ಎಕ್ಸ್‌ಕಾಮ್ 2ರ ಕಠಿಣ ಹಂತಗಳೂ ಮಾಡಿಂಗ್ ಎಂಬ ಕೆಲಸವೂ

ಬೆಳಗಾವಿಯಲ್ಲಿ ಜುಲೈ ತಿಂಗಳ ಮಳೆ ಒಮ್ಮೆ ಹಿಡಿಯಿತೆಂದರೆ ಭಾನುವಾರವನ್ನು ಮನೆಯೊಳಗೇ ಕಳೆಯಬೇಕಾಗುತ್ತದೆ. ಅಂಥ ಒಂದು ಭಾನುವಾರ ಟಿಳಕವಾಡಿಯ ನಮ್ಮ ಮನೆಗೆ ಬಂದಿದ್ದ ಚಿಕ್ಕಪ್ಪನ ಮಗ, ನನ್ನ ಕಂಪ್ಯೂಟರಿನಲ್ಲಿ ಎಕ್ಸ್‌ಕಾಮ್ 2 ಆಡುತ್ತ ಕುಳಿತಿದ್ದವನು, ಇದ್ದಕ್ಕಿದ್ದಂತೆ ಮೌಸ್ ಬಿಟ್ಟು ನನ್ನತ್ತ ತಿರುಗಿದ. "ಅಣ್ಣಾ, ತೊಂಬತ್ತೈದು ಪರ್ಸೆಂಟ್ ಅಂತ ತೋರಿಸಿ ತಪ್ಪಸ್ತೈತಿ ಅಂದ್ರ ಇದು ಮೋಸ ಅಲ್ಲೇನು?" ಈ ಆಟವನ್ನು ಕಠಿಣ ಹಂತದಲ್ಲಿ ಆಡಿದ ಪ್ರತಿಯೊಬ್ಬನೂ ಒಂದಲ್ಲ ಒಂದು ರಾತ್ರಿ ಕೇಳಿಕೊಂಡಿರುವ ಪ್ರಶ್ನೆ ಅದು. ಇದಕ್ಕೆ ಸರಿಯಾದ ಉತ್ತರ ಆಟದ ಪರದೆಯ ಮೇಲೆ ಸಿಗುವುದಿಲ್ಲ, ಆಟದ ಒಳಗಿನ ಫೈಲುಗಳಲ್ಲಿ ಸಿಗುತ್ತದೆ. ಕಠಿಣ ಹಂತದಲ್ಲಿ ಬದುಕುವುದು ಮತ್ತು ಆಟವನ್ನು ಮಾಡ್ ಮಾಡುವುದು, ಎಂದರೆ ಅದರ ಫೈಲುಗಳನ್ನು ನಮಗೆ ಬೇಕಾದಂತೆ ಬದಲಿಸುವುದು, ಬೇರೆ ಬೇರೆ ಹವ್ಯಾಸಗಳೆಂದು ಬಹಳ ಜನ ತಿಳಿದಿದ್ದಾರೆ. ಎರಡಕ್ಕೂ ಬೇಕಾದದ್ದು ಆಟ ಹೇಗೆ ಎಣಿಸುತ್ತದೆ ಎಂಬ ಒಂದೇ ತಿಳಿವಳಿಕೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬ್ರಿಟನ್ನಿನ ಜೂಲಿಯನ್ ಗೊಲ್ಲಪ್ 1994ರಲ್ಲಿ ರೂಪಿಸಿದ ಆಟವೊಂದನ್ನು ಅಮೆರಿಕದ ಫಿರಾಕ್ಸಿಸ್ ಸಂಸ್ಥೆ 2012ರಲ್ಲಿ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ಎಂಬ ಹೆಸರಿನಲ್ಲಿ ಹೊಸದಾಗಿ ಕಟ್ಟಿತು. ಅದರ ಮುಂದಿನ ಭಾಗವಾದ ಎಕ್ಸ್‌ಕಾಮ್ 2 ಬಂದದ್ದು 2016ರ ಫೆಬ್ರುವರಿಯಲ್ಲಿ, ಅದರ ದೊಡ್ಡ ವಿಸ್ತರಣೆಯಾದ ವಾರ್ ಆಫ್ ದ ಚೋಸನ್ 2017ರ ಆಗಸ್ಟಿನಲ್ಲಿ. ಆಟ ಪಾಳಿಯ ಮೇಲೆ ನಡೆಯುತ್ತದೆ: ನಿಮ್ಮ ಸೈನಿಕರೆಲ್ಲರೂ ನಡೆದು, ಗುಂಡು ಹಾರಿಸಿ ಮುಗಿದ ಮೇಲೆ ಅನ್ಯಗ್ರಹದವರ ಪಾಳಿ ಬರುತ್ತದೆ. ಪ್ರತಿ ಸೈನಿಕನಿಗೂ ಒಂದು ಪಾಳಿಯಲ್ಲಿ ಎರಡು ಕ್ರಿಯೆಗಳಿಗೆ ಅವಕಾಶವಿದ್ದು, ಮಾಮೂಲಿನಂತೆ ಗುಂಡು ಹಾರಿಸಿದೊಡನೆ ಅವನ ಪಾಳಿ ಮುಗಿಯುತ್ತದೆ. ಸತ್ತ ಸೈನಿಕ ಮರಳಿ ಬರುವುದಿಲ್ಲ. ರೂಕಿ, ವೆಟರನ್, ಕಮಾಂಡರ್, ಲೆಜೆಂಡ್ ಎಂಬ ನಾಲ್ಕು ಹಂತಗಳಿದ್ದು, ಇವುಗಳ ಮೇಲೆ ಐರನ್‌ಮ್ಯಾನ್ ಎಂಬ ಆಯ್ಕೆಯನ್ನೂ ಹಾಕಿಕೊಂಡರೆ ಇಡೀ ಅಭಿಯಾನಕ್ಕೆ ಒಂದೇ ಸೇವ್ ಉಳಿಯುತ್ತದೆ. ಅಂದರೆ ತಪ್ಪು ಮಾಡಿ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ.

ಗುಂಡು ತಗಲುವ ಲೆಕ್ಕ ಬಹಳ ಸರಳವಾಗಿದೆ. ಸೈನಿಕನ ಗುರಿಯ ಅಂಕದಿಂದ ಶತ್ರುವಿನ ರಕ್ಷಣೆಯ ಅಂಕವನ್ನು ಕಳೆದರೆ ಉಳಿಯುವುದೇ ತಗಲುವ ಶೇಕಡಾವಾರು ಸಾಧ್ಯತೆ. ಹೊಸ ಸೈನಿಕನ ಗುರಿ 65 ಎಂದಿಟ್ಟುಕೊಳ್ಳೋಣ. ಶತ್ರು ಮೊಣಕಾಲೆತ್ತರದ ಮರೆಯ ಹಿಂದಿದ್ದರೆ 20 ಕಳೆದು 45 ಉಳಿಯುತ್ತದೆ. ಆಳೆತ್ತರದ ಮರೆಯಿದ್ದರೆ 40 ಕಳೆದು ಬರೀ 25. ಮಗ್ಗುಲಿಗೆ ಹೋಗಿ ಮರೆಯೇ ಇಲ್ಲದಂತೆ ಮಾಡಿದರೆ ಪೂರ್ತಿ 65 ಸಿಗುವುದಲ್ಲದೆ ಹೆಚ್ಚು ಪೆಟ್ಟು ಬೀಳುವ ಸಾಧ್ಯತೆಯೂ ಏರುತ್ತದೆ. ಎತ್ತರದ ಜಾಗದಿಂದ ಹಾರಿಸಿದರೆ 20 ಅಂಕ ಸೇರುತ್ತದೆ. ದೂರ, ಬಂದೂಕಿನ ಜಾತಿ ಮುಂತಾದ ಸಣ್ಣ ಲೆಕ್ಕಗಳು ಇದರ ಮೇಲೆ ಬರುತ್ತವೆ.

ಹಾಗಾದರೆ ಶೇ 95 ಇದ್ದೂ ತಪ್ಪುವುದೇಕೆ? ಶೇ 95 ಎಂದರೆ ಇಪ್ಪತ್ತಕ್ಕೆ ಒಂದು ತಪ್ಪುತ್ತದೆ ಎಂದೇ ಅರ್ಥ. ಅಂಥ ಇಪ್ಪತ್ತು ಗುಂಡು ಹಾರಿಸಿದರೆ ಒಂದಾದರೂ ತಪ್ಪುವ ಸಾಧ್ಯತೆ ಶೇ 64ರಷ್ಟು. ಆದರೆ ತಮ್ಮನ ದೂರಿನಲ್ಲಿ ಇನ್ನೊಂದು ನಿಜವೂ ಅಡಗಿತ್ತು. ಅವನು ಅಲ್ಲಿಯವರೆಗೆ ವೆಟರನ್ ಹಂತದಲ್ಲಿ ಆಡಿ ಅದೇ ತಾನೇ ಲೆಜೆಂಡಿಗೆ ಹತ್ತಿದ್ದ. ಕೆಳಗಿನ ಹಂತಗಳಲ್ಲಿ ಆಟ ಆಟಗಾರನಿಗೆ ಗುಟ್ಟಾಗಿ ನೆರವಾಗುತ್ತದೆ: ಸತತವಾಗಿ ಗುಂಡು ತಪ್ಪುತ್ತಿದ್ದರೆ ಮುಂದಿನ ಗುಂಡಿಗೆ ಕೆಲವು ಅಂಕ ಸೇರಿಸುತ್ತದೆ, ತಂಡದವರು ಸತ್ತು ಉಳಿದವರು ಕಡಿಮೆಯಾದಾಗಲೂ ಸೇರಿಸುತ್ತದೆ, ಆದರೆ ಪರದೆಯ ಮೇಲೆ ತೋರಿಸುವ ಅಂಕಿಯನ್ನು ಮಾತ್ರ ಬದಲಿಸುವುದಿಲ್ಲ. ಲೆಜೆಂಡ್ ಹಂತದಲ್ಲಿ ಈ ನೆರವು ಇಲ್ಲ. ಆದ್ದರಿಂದ ಮೋಸವೇನಾದರೂ ಇದ್ದರೆ ಅದು ಕೆಳಗಿನ ಹಂತಗಳಲ್ಲಿದೆ, ಅದೂ ನಮ್ಮ ಪರವಾಗಿ. ಲೆಜೆಂಡ್ ಹೇಳಿದ ಅಂಕಿಯನ್ನೇ ಪಾಲಿಸುತ್ತದೆ, ಮತ್ತು ಅಲ್ಲಿಯವರೆಗೆ ಸುಳ್ಳು ಅಂಕಿಗೆ ಒಗ್ಗಿಹೋದ ಕಣ್ಣಿಗೆ ನಿಜವಾದ ಅಂಕಿ ಸುಳ್ಳಾಗಿ ಕಾಣುತ್ತದೆ.

ಇದನ್ನು ನಾನು ಬಾಯಲ್ಲಿ ಹೇಳಿದಾಗ ತಮ್ಮ ನಂಬಲಿಲ್ಲ. ಆಟವನ್ನು ಮುಚ್ಚಿ ಅದು ಇರುವ ಫೋಲ್ಡರಿನೊಳಗೆ ಹೋಗಿ, ಎಕ್ಸ್‌ಕಾಮ್‌ಗೇಮ್ ಎಂಬುದರ ಕೆಳಗಿನ ಕಾನ್ಫಿಗ್ ಫೋಲ್ಡರನ್ನು ತೆರೆದು ತೋರಿಸಿದೆ. ಅಲ್ಲಿರುವುದು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯುವ ಐಎನ್‌ಐ ಫೈಲುಗಳು. ಬಂದೂಕುಗಳ ಫೈಲಿನಲ್ಲಿ ಮೊದಲ ರೈಫಲಿನ ಸಾಲನ್ನು ಹುಡುಕಿದೆವು: ಡ್ಯಾಮೇಜ್ 4, ಸ್ಪ್ರೆಡ್ 1, ಪ್ಲಸ್‌ಒನ್ 0, ಕ್ರಿಟ್ 2. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವನು ಅಂದ: "ಅಂದ್ರ ನಾಲ್ಕಕ್ಕ ಒಂದು ಪ್ಲಸ್ ಮೈನಸ್. ನಮ್ಮ ಡ್ರಾಯಿಂಗ್‌ನ್ಯಾಗ ಟಾಲರೆನ್ಸ್ ಬರ್ದಿರ್ತಾರಲ್ಲ, ಹಂಗ." ಅವನು ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ಸಿಎನ್‌ಸಿ ನಡೆಸುವವನು. ದಿನವಿಡೀ ವರ್ನಿಯರ್ ಹಿಡಿದು, ಅಳತೆ ಕೊಟ್ಟ ಮಿತಿಯೊಳಗೆ ಇದೆಯೇ ಎಂದು ನೋಡುವವನಿಗೆ ಈ ಸಾಲನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವನು ಹೇಳಿದ್ದು ಸರಿ: ಆ ರೈಫಲಿನ ಪೆಟ್ಟು 3, 4 ಅಥವಾ 5 ಆಗಬಹುದು. ಪ್ಲಸ್‌ಒನ್ ಎಂಬುದು ಇನ್ನೊಂದು ಅಂಕ ಹೆಚ್ಚುವರಿ ಬೀಳುವ ಶೇಕಡಾ ಸಾಧ್ಯತೆ, ಕ್ರಿಟ್ ಎಂಬುದು ಮರ್ಮಕ್ಕೆ ತಗಲಿದಾಗ ಸೇರುವ ಪೆಟ್ಟು.

ಈ ಒಂದು ಸಾಲಿನಿಂದ ಎಷ್ಟು ಕಲಿಯಬಹುದು ನೋಡಿ. ಶತ್ರುವಿಗೆ 8 ಹೆಲ್ತ್ ಇದೆ ಎಂದುಕೊಳ್ಳಿ. ಸರಾಸರಿ ಪೆಟ್ಟು 4 ಇರುವುದರಿಂದ ಎರಡು ಗುಂಡು ತಗಲಿದರೆ ಅವನು ಸಾಯುತ್ತಾನೆ ಎಂದು ಮನಸ್ಸು ಹೇಳುತ್ತದೆ. ಆದರೆ 3, 4, 5 ಎಂಬ ಮೂರೂ ಸಮಾನವಾಗಿ ಬೀಳುವುದಾದರೆ ಎರಡು ಪೆಟ್ಟುಗಳ ಒಂಬತ್ತು ಜೋಡಿಗಳಲ್ಲಿ ಮೂರರ ಮೊತ್ತ 8ಕ್ಕಿಂತ ಕಡಿಮೆ. ಎಂದರೆ ಎರಡೂ ಗುಂಡು ತಗಲಿದ ಮೇಲೂ ಮೂರಕ್ಕೊಂದು ಸಲ ಶತ್ರು ಒಂದೆರಡು ಹೆಲ್ತ್ ಹಿಡಿದುಕೊಂಡು ಬದುಕಿರುತ್ತಾನೆ, ತನ್ನ ಪಾಳಿ ಬಂದಾಗ ಪೂರ್ತಿ ಬಲದಿಂದಲೇ ಗುಂಡು ಹಾರಿಸುತ್ತಾನೆ. ಈ ಆಟದಲ್ಲಿ ಅರ್ಧ ಸತ್ತ ಶತ್ರು ಪೂರ್ತಿ ಬದುಕಿರುವ ಶತ್ರುವಿನಷ್ಟೇ ಅಪಾಯಕಾರಿ. ಸ್ಪ್ರೆಡ್ ಎದುರಿನ 1ನ್ನು ಅಳಿಸಿ 0 ಬರೆದರೆ ಆ ಮೂರರಲ್ಲೊಂದು ಸೋಲು ಪೂರ್ತಿ ಮಾಯವಾಗುತ್ತದೆ. ಒಂದೇ ಅಂಕಿ ಬದಲಿಸಿ ಇಡೀ ಆಟದ ಹದವನ್ನು ಬದಲಿಸಬಹುದು ಎಂಬುದನ್ನು ನಾನು ಕಂಡುಕೊಂಡದ್ದು ಹಾಗೆ, ಮತ್ತು ಆ ಬದಲಾವಣೆಯನ್ನು ಎರಡು ದಿನ ಆಡಿ ಬಿಟ್ಟುಬಿಟ್ಟೆ. ಪೆಟ್ಟು ಖಚಿತವಾದ ಕೂಡಲೇ ಯೋಜನೆ ಮಾಡುವ ಅಗತ್ಯವೇ ಇಲ್ಲವಾಗಿ ಆಟ ಸಪ್ಪೆಯಾಯಿತು.

ಈಗ ಕಠಿಣ ಹಂತದ ನಿಜವಾದ ಪಾಠಕ್ಕೆ ಬರೋಣ. ನಿಮ್ಮಲ್ಲಿ ಗುರಿ 65 ಇರುವ ನಾಲ್ಕು ಹೊಸ ಸೈನಿಕರಿದ್ದಾರೆ. ಎದುರಿಗೆ ಮೊಣಕಾಲೆತ್ತರದ ಗೋಡೆಯ ಹಿಂದೆ 6 ಹೆಲ್ತ್ ಇರುವ ಶತ್ರು ಒಬ್ಬನಿದ್ದಾನೆ. ನಾಲ್ವರೂ ಗುಂಡು ಹಾರಿಸಿದರೆ ಒಂದೊಂದು ಗುಂಡಿಗೆ ಸಾಧ್ಯತೆ ಶೇ 45. ಎರಡು ತಗಲಿದರೆ ಕನಿಷ್ಠ ಪೆಟ್ಟು 6 ಆಗುವುದರಿಂದ ಅವನು ಸಾಯುತ್ತಾನೆ, ಆದರೆ ನಾಲ್ಕರಲ್ಲಿ ಎರಡಾದರೂ ತಗಲುವ ಸಾಧ್ಯತೆ ಸುಮಾರು ಶೇ 61 ಮಾತ್ರ. ಇದೇ ಸನ್ನಿವೇಶದಲ್ಲಿ ಮೊದಲ ಸೈನಿಕ ಗುಂಡಿನ ಬದಲು ಗ್ರೆನೇಡ್ ಎಸೆದ ಎಂದುಕೊಳ್ಳಿ. ಗ್ರೆನೇಡ್ ತಪ್ಪುವುದಿಲ್ಲ, 3 ಅಥವಾ 4 ಪೆಟ್ಟು ಕೊಡುತ್ತದೆ, ಸಾಲದ್ದಕ್ಕೆ ಗೋಡೆಯನ್ನೂ ಒಡೆಯುತ್ತದೆ. ಈಗ ಶತ್ರುವಿಗೆ ಉಳಿದದ್ದು 2 ಅಥವಾ 3 ಹೆಲ್ತ್, ಅಂದರೆ ಒಂದೇ ಗುಂಡು ಸಾಕು. ಗೋಡೆ ಇಲ್ಲದ್ದರಿಂದ ಉಳಿದ ಮೂವರಿಗೂ ಶೇ 65 ಸಾಧ್ಯತೆ. ಮೂವರಲ್ಲಿ ಒಬ್ಬನದಾದರೂ ತಗಲುವ ಸಾಧ್ಯತೆ ಶೇ 95ಕ್ಕಿಂತ ಹೆಚ್ಚು. ಅದೇ ಜನ, ಅದೇ ಶತ್ರು, ಅದೇ ಪಾಳಿ. ಶೇ 61 ಎಂಬುದು ಶೇ 95 ಆಯಿತು. ಮರ್ಮದ ಪೆಟ್ಟು, ದೂರ ಇತ್ಯಾದಿಗಳನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ, ಅವನ್ನು ಸೇರಿಸಿದರೂ ಎರಡರ ನಡುವಿನ ಅಂತರ ಅಳಿಸಿಹೋಗುವುದಿಲ್ಲ. ಇನ್ನೂ ಒಂದು ಲಾಭವಿದೆ: ಸ್ಫೋಟದಿಂದಲೇ ಸತ್ತ ಶತ್ರುವಿನ ಬಳಿ ಇದ್ದ ಲೂಟಿ ನಾಶವಾಗುತ್ತದೆ, ಗುಂಡಿನಿಂದ ಸತ್ತರೆ ಉಳಿಯುತ್ತದೆ. ಗ್ರೆನೇಡನ್ನು ಮೊದಲು ಎಸೆಯಬೇಕು, ಕೊನೆಗಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ. ಹೊಸ ಆಟಗಾರರು ಮಾಡುವುದು ಸಾಮಾನ್ಯವಾಗಿ ಇದಕ್ಕೆ ತಿರುವುಮುರುವು. ಮೂರು ಗುಂಡು ತಪ್ಪಿ ಗಾಬರಿಯಾದ ಮೇಲೆ ಅವರಿಗೆ ಗ್ರೆನೇಡ್ ನೆನಪಾಗುತ್ತದೆ.

ಗುಂಡಿನ ಲೆಕ್ಕ ಗೊತ್ತಿದ್ದೂ ಜನ ಸೋಲುವುದು ಪಾಡ್ ಎಂಬ ಇನ್ನೊಂದು ನಿಯಮವನ್ನು ಗಮನಿಸದೆ ಇರುವುದರಿಂದ. ಶತ್ರುಗಳು ಒಬ್ಬೊಬ್ಬರಾಗಿ ಇರುವುದಿಲ್ಲ, ಗುಂಪು ಗುಂಪಾಗಿ ಇರುತ್ತಾರೆ. ಆ ಗುಂಪಿಗೆ ಪಾಡ್ ಎಂದು ಹೆಸರು. ನಿಮ್ಮ ಸೈನಿಕ ಅವರ ಕಣ್ಣಿಗೆ ಬಿದ್ದ ಕ್ಷಣ ಇಡೀ ಪಾಡ್ ಎಚ್ಚರಗೊಂಡು, ನಿಮ್ಮ ಪಾಳಿಯ ನಡುವೆಯೇ ಚದುರಿ ಮರೆಗಳ ಹಿಂದೆ ಸೇರಿಕೊಳ್ಳುತ್ತದೆ, ಆದರೆ ಆಗಲೇ ಗುಂಡು ಹಾರಿಸುವುದಿಲ್ಲ. ಇಲ್ಲೇ ಎಲ್ಲವೂ ಅಡಗಿದೆ. ಪಾಳಿಯ ಮೊದಲಿಗೆ ನಡೆಯುವ ಸೈನಿಕ ಅವರನ್ನು ಎಬ್ಬಿಸಿದರೆ ಉಳಿದ ಮೂವರು ಎರಡೆರಡು ಕ್ರಿಯೆಗಳೊಂದಿಗೆ ಉತ್ತರ ಕೊಡಲು ಸಿದ್ಧರಿರುತ್ತಾರೆ. ಕೊನೆಯ ಸೈನಿಕ ಎಬ್ಬಿಸಿದರೆ ಉತ್ತರ ಕೊಡುವವರು ಯಾರೂ ಉಳಿದಿರುವುದಿಲ್ಲ, ಪಾಳಿ ಶತ್ರುವಿನ ಕೈಗೆ ಹೋಗುತ್ತದೆ. ಆದ್ದರಿಂದ ಕತ್ತಲೆಯಲ್ಲಿರುವ ನೆಲದ ಮೇಲೆ ಕಾಲಿಡುವ ಕೆಲಸವನ್ನು ಪಾಳಿಯ ಮೊದಲ ಸೈನಿಕನೇ ಮಾಡಬೇಕು, ಉಳಿದವರು ಅವನು ಈಗಾಗಲೇ ಕಂಡ ನೆಲದ ಮೇಲಷ್ಟೇ ನಡೆಯಬೇಕು. ಶೇ 65ರ ಗುಂಡು ಸಿಗುತ್ತದೆಂದು ಕೊನೆಯ ಸೈನಿಕನನ್ನು ಶತ್ರುವಿನ ಮಗ್ಗುಲಿಗೆ ಓಡಿಸಿ, ಆ ಮಗ್ಗುಲಿನಾಚೆ ಮಲಗಿದ್ದ ಎರಡನೆಯ ಪಾಡನ್ನು ಎಬ್ಬಿಸಿಕೊಳ್ಳುವುದು ಲೆಜೆಂಡ್ ಹಂತದಲ್ಲಿ ಅಭಿಯಾನಗಳು ಮುಗಿಯುವ ಅತಿ ಸಾಮಾನ್ಯ ರೀತಿ. ನನ್ನವೇ ಎರಡು ಅಭಿಯಾನ ಹಾಗೆ ಮುಗಿದಿವೆ.

ಬಾದಾಮಿ ಕಡೆಯ ನಮ್ಮ ಅಜ್ಜಿಯ ಊರಿನಲ್ಲಿ ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಹುಲಿಕುರಿ ಆಟದ ಗೆರೆಗಳಿದ್ದವು. ಹುಲಿ ಹಾರಿ ಕುರಿಯನ್ನು ತಿನ್ನಬೇಕಾದರೆ ಕುರಿಯ ಬೆನ್ನ ಹಿಂದಿನ ಮನೆ ಖಾಲಿ ಇರಬೇಕು. ಬೆನ್ನಿಗೆ ಇನ್ನೊಂದು ಕುರಿ ನಿಂತಿದ್ದರೆ ಹುಲಿ ಏನೂ ಮಾಡಲಾರದು. ಕುರಿ ಆಡುವವನು ಹುಲಿಯನ್ನು ಕೊಲ್ಲುವುದೇ ಇಲ್ಲ, ಅದಕ್ಕೆ ಹಾರುವ ಜಾಗ ಉಳಿಯದಂತೆ ಮಾಡುತ್ತಾನೆ. ಲೆಜೆಂಡ್ ಹಂತದಲ್ಲಿ ನಾವು ಕುರಿಗಳು. ಇಲ್ಲಿ ನೋಡಬೇಕಾದದ್ದು ಎಷ್ಟು ಶತ್ರುಗಳನ್ನು ಕೊಂದೆ ಎಂದಲ್ಲ, ಶತ್ರುವಿನ ಪಾಳಿ ಬಂದಾಗ ಅವನ ಕೈಯಲ್ಲಿ ಎಷ್ಟು ಗುಂಡುಗಳು ಉಳಿದಿವೆ ಎಂದು. ಸತ್ತವನು ಗುಂಡು ಹಾರಿಸಲಾರ, ನಿಜ. ಆದರೆ ಹೊಗೆಯಾಚೆ ಇರುವವನು, ಕಣ್ಣು ಕುರುಡಾದವನು, ನಮ್ಮನ್ನು ಕಾಣದಷ್ಟು ದೂರ ಇರುವವನು ಹಾರಿಸುವುದೂ ಕಷ್ಟ. ಗೆಲ್ಲಲಾಗದ ಪಾಳಿಯಲ್ಲಿ ಹಿಂದೆ ಸರಿದು ಶತ್ರುವೇ ಓವರ್‌ವಾಚ್‌ನೊಳಗೆ, ಎಂದರೆ ಅವನು ಕದಲಿದೊಡನೆ ಗುಂಡು ಹಾರಿಸಲು ಕಾದು ಕೂತ ನಮ್ಮವರ ಎದುರಿಗೆ, ಬರುವಂತೆ ಮಾಡುವುದು ಹೇಡಿತನದಂತೆ ಕಂಡರೂ ಎಷ್ಟೋ ಸಲ ಅದೇ ಸರಿಯಾದ ನಡೆ. ಓವರ್‌ವಾಚ್ ಗುಂಡಿಗೆ ಮಾಮೂಲಿಗಿಂತ ಗುರಿ ಕಡಿಮೆ ಎಂಬುದನ್ನು ಮಾತ್ರ ಮರೆಯಬಾರದು. ಅದರ ಮೇಲೆಯೇ ಪೂರ್ತಿ ಭಾರ ಹಾಕಿದವರು ಕೈಸುಟ್ಟುಕೊಳ್ಳುತ್ತಾರೆ.

ಒಂದು ಕಾರ್ಯಾಚರಣೆಯಲ್ಲಿ ಇಷ್ಟೆಲ್ಲ ಎಚ್ಚರ ಏಕೆ ಎಂದರೆ ಅಭಿಯಾನ ಉದ್ದವಾದದ್ದು. ಒಬ್ಬ ಸೈನಿಕ ಒಂದು ಕಾರ್ಯಾಚರಣೆಯಿಂದ ಜೀವಂತ ಮರಳುವ ಸಾಧ್ಯತೆ ಶೇ 95 ಎಂದರೆ ಕೇಳಲು ಬಹಳ ಚೆನ್ನಾಗಿದೆ. ಆದರೆ ಅವನು ಇಪ್ಪತ್ತು ಕಾರ್ಯಾಚರಣೆ ಮಾಡಬೇಕಾದರೆ, ಮೇಲೆ ಗುಂಡಿಗೆ ಹಾಕಿದ ಅದೇ ಲೆಕ್ಕದಂತೆ, ಕೊನೆಗೆ ಬದುಕಿರುವ ಸಾಧ್ಯತೆ ಶೇ 36. ಅದನ್ನು ಶೇ 99ಕ್ಕೆ ಏರಿಸಿದರೆ ಕೊನೆಯ ಅಂಕಿ ಶೇ 82ರ ಹತ್ತಿರ ಬರುತ್ತದೆ. ಪ್ರತಿ ಪಾಳಿಯಲ್ಲೂ ಎಸೆಯುವ ಒಂದು ಗ್ರೆನೇಡ್, ಇಡದೆ ಬಿಡುವ ಒಂದು ಹೆಜ್ಜೆ ಈ ನಾಲ್ಕು ಅಂಕಗಳನ್ನು ತರುತ್ತದೆ. ಹಳೆಯ ಸೈನಿಕರು ಉಳಿದರೆ ಗುರಿ ಏರುತ್ತದೆ, ತಂಡವನ್ನು ನಾಲ್ವರಿಂದ ಆರಕ್ಕೆ ಹೆಚ್ಚಿಸುವ ತರಬೇತಿಯೂ ಅಂಥವರು ಇದ್ದರಷ್ಟೇ ಸಿಗುತ್ತದೆ. ನೆಲೆಯ ನಿರ್ವಹಣೆ, ಸಂಶೋಧನೆಯ ಕ್ರಮ ಇವುಗಳ ಬಗ್ಗೆ ಹೇಳುವುದು ಕಡಿಮೆ: ಮೊದಲು ಬಂದೂಕು ಮತ್ತು ಕವಚ, ಉಳಿದದ್ದು ಆಮೇಲೆ. ಆಟದಲ್ಲಿ ಸೈನಿಕರಿಗೆ ನಮ್ಮ ಇಷ್ಟದ ಹೆಸರಿಟ್ಟು ಮುಖ ರೂಪಿಸಿ ಸಂಗ್ರಹಿಸಿಡುವ ಸೌಲಭ್ಯವಿದ್ದು, ನಾನು ಒಮ್ಮೆ ಇಡೀ ಬಳಗವನ್ನೇ ಅದರಲ್ಲಿ ತುಂಬಿಸಿದ್ದೆ. ಸೋದರಮಾವ ಎರಡನೆಯ ಕಾರ್ಯಾಚರಣೆಯಲ್ಲೇ ತೀರಿಕೊಂಡರು. ಮುಂದಿನ ವಾರ ಅವರ ಮನೆಯಲ್ಲಿ ರೊಟ್ಟಿ ಊಟಕ್ಕೆ ಕುಳಿತಾಗ ನನಗೆ ಅವರ ಮುಖ ನೋಡಲು ಸಂಕೋಚವಾಯಿತು.

ಮಾಡಿಂಗ್ ವಿಷಯಕ್ಕೆ ಬಂದರೆ, ಈ ಸರಣಿಯ ಅತಿ ಹೆಸರುವಾಸಿ ಮಾಡ್ ಹುಟ್ಟಿದ್ದು ಮಾಡ್ ಮಾಡಲು ಯಾವ ಸಲಕರಣೆಯೂ ಇಲ್ಲದ ಕಾಲದಲ್ಲಿ. 2012ರ ಆಟಕ್ಕೆ ಕಂಪನಿ ಯಾವ ಉಪಕರಣವನ್ನೂ ಕೊಟ್ಟಿರಲಿಲ್ಲ. ಲಾಂಗ್ ವಾರ್ ಎಂಬ ಮಾಡಿನ ಕರ್ತೃಗಳು ಆಟದ ಸಿದ್ಧ ಫೈಲುಗಳನ್ನು ಹೆಕ್ಸ್ ಎಡಿಟರಿನಲ್ಲಿ, ಎಂದರೆ ಫೈಲನ್ನು ಬರೀ ಅಂಕಿಗಳಾಗಿ ತೋರಿಸುವ ತಂತ್ರಾಂಶದಲ್ಲಿ, ತೆರೆದು, ಬೈಟುಗಳನ್ನು ಒಂದೊಂದಾಗಿ ಓದಿ ಅರ್ಥಮಾಡಿಕೊಂಡು ಬದಲಿಸಿದರು. ಆರಂಭದಲ್ಲಿ ಹೊಸ ಆದೇಶ ಹಳೆಯ ಆದೇಶ ಕುಳಿತಿದ್ದ ಜಾಗದಲ್ಲೇ ಹಿಡಿಸಬೇಕಿತ್ತು, ಒಂದು ಬೈಟ್ ಹೆಚ್ಚಾದರೂ ಆಟ ಕುಸಿಯುತ್ತಿತ್ತು. ಹಾಗೆ ಕೂತು ಅವರು ನಾಲ್ಕು ಬಗೆಯ ಸೈನಿಕರಿದ್ದ ಆಟವನ್ನು ಎಂಟು ಬಗೆಯ ಸೈನಿಕರ, ದಣಿವಿನ, ಬಹಳ ದೀರ್ಘವಾದ ಯುದ್ಧವನ್ನಾಗಿ ಮಾಡಿದರು. ಎಕ್ಸ್‌ಕಾಮ್ 2 ಬಿಡುಗಡೆಯಾದ ದಿನವೇ ಅದೇ ತಂಡದ ಮಾಡ್‌ಗಳೂ ಬಂದದ್ದು, ಆಟದ ಜೊತೆಗೇ ಮಾಡ್ ಮಾಡುವ ಉಪಕರಣಗಳನ್ನೂ ಕಂಪನಿ ಕೊಟ್ಟದ್ದು ಈ ಹಿನ್ನೆಲೆಯಿಂದ. 2017ರ ಜನವರಿಯಲ್ಲಿ ಲಾಂಗ್ ವಾರ್ 2 ಬಂತು. ಅದರಲ್ಲಿ ತಂಡವನ್ನು ಕಾರ್ಯಾಚರಣೆಗೆ ಮುಂಚೆಯೇ ಕಳುಹಿಸಿ ಒಳನುಸುಳಲು ಬಿಡಬೇಕು. ಜನ ಕಡಿಮೆಯಾದಷ್ಟೂ ಬೇಗ ನುಸುಳಬಹುದು, ನುಸುಳುವಿಕೆ ಹೆಚ್ಚಾದಷ್ಟೂ ಎದುರಿನ ಬಲ ಕಡಿಮೆ. ಇದೂ ಗುಂಡು ಹಾರುವ ಮೊದಲೇ ಶತ್ರುವಿನ ಗುಂಡುಗಳನ್ನು ಎಣಿಸುವ ಕೆಲಸವೇ.

ಇಂದು ಒಂದು ಸಣ್ಣ ಮಾಡ್ ಮಾಡಲು ಪ್ರೋಗ್ರಾಮಿಂಗ್ ಬೇಕಿಲ್ಲ. ಆಟದ ಮೂಲ ಫೈಲನ್ನೇ ತಿದ್ದಬಾರದು. ಮಾಡಿಗೊಂದು ಫೋಲ್ಡರ್ ಮಾಡಿ, ಅದರೊಳಗೆ ಅದೇ ಹೆಸರಿನ ಫೈಲನ್ನು, ಮೊದಲಿನ ಡಿಫಾಲ್ಟ್ ಎಂಬ ಪದದ ಜಾಗದಲ್ಲಿ ಎಕ್ಸ್‌ಕಾಮ್ ಎಂದು ಇಟ್ಟು, ಬದಲಿಸಬೇಕಾದ ಸಾಲುಗಳನ್ನಷ್ಟೇ ಬರೆಯಬೇಕು. ಪಟ್ಟಿಗೆ ಒಂದನ್ನು ಸೇರಿಸುವಾಗ ಸಾಲಿನ ಮುಂದೆ + ಚಿಹ್ನೆ, ತೆಗೆಯುವಾಗ - ಚಿಹ್ನೆ. ತೆಗೆಯುವ ಸಾಲು ಮೂಲದೊಂದಿಗೆ ಹೊಂದಬೇಕು. ಚೌಕ ಆವರಣದಲ್ಲಿರುವ ವಿಭಾಗದ ಹೆಸರನ್ನು ಒಂದಕ್ಷರ ತಪ್ಪಿ ಬರೆದರೂ ಆಟ ಯಾವ ದೂರನ್ನೂ ಹೇಳದೆ ಅದನ್ನು ಸುಮ್ಮನೆ ಕಡೆಗಣಿಸುತ್ತದೆ. ನನ್ನ ಮೊದಲ ಮಾಡ್ ಎರಡು ಸಂಜೆ ಕೆಲಸ ಮಾಡದೆ ಕುಳಿತದ್ದು ಇಂಥದೇ ಒಂದು ಅಕ್ಷರದಿಂದ. ಶತ್ರುಗಳ ಫೈಲಿನಲ್ಲಿ ಒಬ್ಬೊಬ್ಬರಿಗೂ ಹಂತಕ್ಕೊಂದು ವಿಭಾಗ ಇರುತ್ತದೆ, ಹಂತಗಳಿಗೆ 0ರಿಂದ 3ರವರೆಗೆ ಸಂಖ್ಯೆ. 3 ಎಂದರೆ ಲೆಜೆಂಡ್. ಎರಡು ವಿಭಾಗಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಲೆಜೆಂಡ್ ಯಾವ ಯಾವ ಅಂಕಿಯಲ್ಲಿ ಕಠಿಣವಾಗಿದೆ ಎಂಬುದು ಯಾವ ಮಾರ್ಗದರ್ಶಿಯೂ ಇಲ್ಲದೆ ತಿಳಿಯುತ್ತದೆ. ಏನನ್ನೂ ಬದಲಿಸದಿದ್ದರೂ ಓದುವುದಕ್ಕಾಗಿಯಾದರೂ ಈ ಫೈಲುಗಳನ್ನು ತೆರೆಯಬೇಕು ಎಂದು ನಾನು ಹೇಳುವುದು ಇದಕ್ಕೇ.

ಹಲವು ಮಾಡ್‌ಗಳನ್ನು ಒಟ್ಟಿಗೆ ಹಾಕಿದಾಗ ಆಗುವ ತೊಂದರೆಯನ್ನು ಕಿರಾಣಿ ಅಂಗಡಿಯ ಉದ್ರಿ ವಹಿಯ ಉದಾಹರಣೆಯಿಂದ ವಿವರಿಸಬಹುದು. ಇಬ್ಬರು ಮಕ್ಕಳು ಅಪ್ಪನ ವಹಿಯಲ್ಲಿ ಬೇರೆ ಬೇರೆ ಸಾಲುಗಳನ್ನು ತಿದ್ದಿದರೆ ಎರಡೂ ತಿದ್ದುಪಡಿ ಉಳಿಯುತ್ತವೆ. ಆದರೆ ಇಬ್ಬರೂ ತಮ್ಮದೇ ಹೊಸ ವಹಿ ಬರೆದು ತಂದು ಹಳೆಯದರ ಜಾಗದಲ್ಲಿ ಇಟ್ಟರೆ ಕಡೆಗೆ ಉಳಿಯುವುದು ಒಬ್ಬನದು ಮಾತ್ರ. ಎಕ್ಸ್‌ಕಾಮ್ 2ರಲ್ಲಿ ಬಂದೂಕು, ಶತ್ರು, ಕೌಶಲ ಎಲ್ಲವೂ ಟೆಂಪ್ಲೇಟ್ ಎಂಬ ನಮೂನೆಗಳಾಗಿದ್ದು, ಆಟ ಶುರುವಾಗುವಾಗ ಇವು ಸಿದ್ಧವಾದ ಮೇಲೆ ಮಾಡ್‌ಗಳಿಗೆ ತಿದ್ದಲು ಒಂದು ಅವಕಾಶ ಸಿಗುತ್ತದೆ. ಇದು ಸಾಲು ತಿದ್ದುವ ವಿಧಾನ. ಆಟದ ಕೋಡಿನ ಒಂದು ಇಡೀ ತುಂಡನ್ನೇ, ಎಂದರೆ ಕ್ಲಾಸನ್ನೇ, ತೆಗೆದು ತನ್ನದನ್ನು ಇಡುವುದು ವಹಿ ಬದಲಿಸುವ ವಿಧಾನ, ಒಂದೇ ಕ್ಲಾಸನ್ನು ಎರಡು ಮಾಡ್‌ಗಳು ಬದಲಿಸಿದರೆ ಜಗಳ ಖಚಿತ. ಈ ಜಗಳವನ್ನು ತಪ್ಪಿಸಲೆಂದೇ ಮಾಡ್ ಮಾಡುವವರೆಲ್ಲ ಸೇರಿ ಕಮ್ಯೂನಿಟಿ ಹೈಲ್ಯಾಂಡರ್ ಎಂಬ ತಳಪಾಯದ ಮಾಡ್ ಒಂದನ್ನು ಕಟ್ಟಿದ್ದಾರೆ. ಅದು ಸಾಮಾನ್ಯವಾಗಿ ಬೇಕಾಗುವ ಕ್ಲಾಸುಗಳನ್ನು ಒಮ್ಮೆ ಬದಲಿಸಿ, ಉಳಿದ ಮಾಡ್‌ಗಳು ಬಂದು ಕೊಂಡಿ ಹಾಕಿಕೊಳ್ಳಲು ಜಾಗ ಮಾಡಿಕೊಡುತ್ತದೆ. ಆಲ್ಟರ್ನೇಟಿವ್ ಮಾಡ್ ಲಾಂಚರ್ ಎಂಬ ಪ್ರತ್ಯೇಕ ತಂತ್ರಾಂಶದಿಂದ ಆಟ ಶುರುಮಾಡಿದರೆ ಇಂಥ ಘರ್ಷಣೆಗಳು ಮೊದಲೇ ಕಣ್ಣಿಗೆ ಬೀಳುತ್ತವೆ.

ಕಠಿಣ ಹಂತದಲ್ಲಿ ಯಾವ ಮಾಡ್ ಹಾಕುವುದು ಸರಿ ಎಂಬ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸೈನಿಕ ಒಂದು ಜಾಗಕ್ಕೆ ಹೋದರೆ ಅಲ್ಲಿಂದ ಯಾರು ಕಾಣುತ್ತಾರೆ ಎಂದು ಮೊದಲೇ ತೋರಿಸುವ ಗಾಚಾ ಅಗೇನ್, ಗುಂಡಿನ ನಂತರದ ಅನಗತ್ಯ ಕಾಯುವಿಕೆಯನ್ನು ಕತ್ತರಿಸುವ ಸ್ಟಾಪ್ ವೇಸ್ಟಿಂಗ್ ಮೈ ಟೈಮ್ ಇಂಥವು ಆಟವನ್ನು ಸುಲಭ ಮಾಡುವುದಿಲ್ಲ. ಯುದ್ಧಭೂಮಿಯಲ್ಲಿ ನಿಂತ ಸೈನಿಕನಿಗೆ ತಾನಾಗಿಯೇ ಗೊತ್ತಿರಬೇಕಾದದ್ದನ್ನು ಮೇಲಿನಿಂದ ನೋಡುವ ನಮಗೂ ತಿಳಿಸುತ್ತವೆ. ಇಷ್ಟು ಪಾಳಿಯೊಳಗೆ ಕಾರ್ಯಾಚರಣೆ ಮುಗಿಸಬೇಕೆಂಬ ಗಡುವನ್ನು ತೆಗೆದುಹಾಕುವ ಮಾಡ್‌ಗಳು ಬೇರೆ ಜಾತಿಯವು. ಗಡುವು ಇಲ್ಲದಿದ್ದರೆ ಪ್ರತಿ ಪಾಳಿಯೂ ಓವರ್‌ವಾಚ್ ಹಾಕಿ ಕೂರಬಹುದು, ಕೂತರೆ ಮೇಲೆ ಹೇಳಿದ ಪಾಡ್‌ನ ಲೆಕ್ಕವೇ ಅರ್ಥ ಕಳೆದುಕೊಳ್ಳುತ್ತದೆ. ನಡುವಿನ ದಾರಿಯಾಗಿ ಟ್ರೂ ಕನ್ಸೀಲ್‌ಮೆಂಟ್ ಇದೆ. ತಂಡ ಶತ್ರುವಿನ ಕಣ್ಣಿಗೆ ಬೀಳುವವರೆಗೆ ಗಡುವು ಶುರುವಾಗದಂತೆ ಅದು ಮಾಡುತ್ತದೆ. ಮೊದಲ ಲೆಜೆಂಡ್ ಅಭಿಯಾನಕ್ಕೆ ಅದನ್ನು ಹಾಕಿಕೊಂಡವರನ್ನು ನಾನು ಆಡಿಕೊಳ್ಳುವುದಿಲ್ಲ. ವಿಸ್ತರಣೆಯಲ್ಲೇ ಬರುವ ಬೀಟಾ ಸ್ಟ್ರೈಕ್ ಎಂಬ ಆಯ್ಕೆ ಎಲ್ಲರ ಹೆಲ್ತನ್ನೂ ಎರಡು ಪಟ್ಟು ಮಾಡುತ್ತದೆ. ಒಂದೇ ದುರದೃಷ್ಟದ ಗುಂಡಿಗೆ ಸೈನಿಕ ಸಾಯುವುದು ತಪ್ಪುತ್ತದೆ, ಆದರೆ ಗ್ರೆನೇಡಿನ ಮೂರು ಪೆಟ್ಟಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಮೇಲಿನ ಲೆಕ್ಕಗಳನ್ನೆಲ್ಲ ಮತ್ತೊಮ್ಮೆ ಹಾಕಬೇಕು.

ಇನ್ನು ಸೇವ್ ವಿಷಯ. ಮಳೆಗಾಲದ ಒಂದು ರಾತ್ರಿ ಐರನ್‌ಮ್ಯಾನ್ ಅಭಿಯಾನದ ಸೇವ್ ಬರೆಯುತ್ತಿದ್ದ ಕ್ಷಣದಲ್ಲೇ ಕರೆಂಟು ಹೋಯಿತು. ಆಗ ನನ್ನ ಹತ್ತಿರ ಯುಪಿಎಸ್ ಇರಲಿಲ್ಲ. ಮರುದಿನ ಆ ಫೈಲು ತೆರೆಯಲೇ ಇಲ್ಲ, ಮೂರು ವಾರದ ಅಭಿಯಾನ ಹೋಯಿತು. ಅಂದಿನಿಂದ ಮೈ ಗೇಮ್ಸ್ ಫೋಲ್ಡರಿನೊಳಗಿನ ಸೇವ್‌ಡೇಟಾವನ್ನು ಪ್ರತಿ ಕಾರ್ಯಾಚರಣೆಯ ನಂತರ ಬೇರೆ ಕಡೆ ನಕಲು ಮಾಡಿಡುತ್ತೇನೆ. ಇದು ಐರನ್‌ಮ್ಯಾನ್ ನಿಯಮಕ್ಕೆ ದ್ರೋಹ ಎನ್ನುವವರಿದ್ದಾರೆ. ಕರೆಂಟಿಗೆ ಹೆದರಿ ನಕಲು ಇಡುವುದು ಬೇರೆ, ಸೈನಿಕ ಸತ್ತನೆಂದು ನಕಲು ತೆರೆಯುವುದು ಬೇರೆ. ಎರಡನೆಯದರಿಂದ ಅಂಥ ಲಾಭವೂ ಇಲ್ಲ: ಗುಂಡು ತಗಲುವುದೋ ತಪ್ಪುವುದೋ ಎಂದು ನಿರ್ಧರಿಸುವ ದಾಳದ ಬೀಜಸಂಖ್ಯೆಯನ್ನೂ ಆಟ ಸೇವಿನಲ್ಲೇ ಇಟ್ಟುಕೊಳ್ಳುವುದರಿಂದ, ಹಿಂದೆ ಹೋಗಿ ಅದೇ ಕ್ರಮದಲ್ಲಿ ಅದೇ ಗುಂಡು ಹಾರಿಸಿದರೆ ಅದು ಮತ್ತೆ ತಪ್ಪುತ್ತದೆ.

ಮಾಡ್‌ಗಳೊಂದಿಗೆ ದೀರ್ಘ ಅಭಿಯಾನ ಆಡುವವರಿಗೆ ಕರೆಂಟಿಗಿಂತ ದೊಡ್ಡ ಶತ್ರು ತಾನಾಗಿ ನಡೆಯುವ ಅಪ್‌ಡೇಟ್. ಸ್ಟೀಮ್ ವರ್ಕ್‌ಶಾಪಿನ (ಆಟಗಾರರು ಮಾಡ್ ಹಂಚಿಕೊಳ್ಳುವ ಅಂತರ್ಜಾಲ ತಾಣ) ಮಾಡ್ ಯಾವ ರಾತ್ರಿಯಲ್ಲಾದರೂ ಬದಲಾಗಬಹುದು, ಮತ್ತು ಸೇವಿನಲ್ಲಿ ಹೆಸರು ದಾಖಲಾಗಿರುವ ಒಂದು ಬಂದೂಕು ಅಥವಾ ಕೌಶಲ ಹೊಸ ಆವೃತ್ತಿಯಲ್ಲಿ ಇಲ್ಲದಿದ್ದರೆ ಅಭಿಯಾನ ನಡುದಾರಿಯಲ್ಲಿ ನಿಲ್ಲಬಹುದು. ಇದೇ ಕಾರಣಕ್ಕೆ ಬಂದೂಕು, ಸೈನಿಕರ ವರ್ಗ, ಶತ್ರು ಸೇರಿಸುವ ಮಾಡ್‌ಗಳನ್ನು ಅಭಿಯಾನದ ನಡುವೆ ತೆಗೆಯಲೂಬಾರದು. ಉಪಾಯವೆಂದರೆ ವರ್ಕ್‌ಶಾಪ್ ಫೋಲ್ಡರಿನಲ್ಲಿ 268500 ಎಂಬ ಸಂಖ್ಯೆಯ ಕೆಳಗಿರುವ, ಈ ಆಟಕ್ಕೆ ಸೇರಿದ ಮಾಡ್‌ಗಳನ್ನು ಆಟದ ಸ್ವಂತ ಮಾಡ್ಸ್ ಫೋಲ್ಡರಿಗೆ ನಕಲು ಮಾಡಿ, ವರ್ಕ್‌ಶಾಪಿನ ಚಂದಾದಾರಿಕೆಯನ್ನು ಬಿಡುವುದು. ಆಮೇಲೆ ಅವು ನೀವು ಬದಲಿಸುವವರೆಗೆ ಬದಲಾಗುವುದಿಲ್ಲ. ಹಾಗೂ ಆಟ ಕುಸಿದರೆ ಮೈ ಗೇಮ್ಸ್‌ನ ಕೆಳಗಿನ ಲಾಗ್ಸ್ ಫೋಲ್ಡರಿನಲ್ಲಿರುವ ಲಾಂಚ್ ಲಾಗನ್ನು ತೆರೆದು ಕೊನೆಯ ಸಾಲುಗಳಿಂದ ಮೇಲಕ್ಕೆ ಓದಬೇಕು. ಕಾಣೆಯಾದದ್ದರ ಹೆಸರು ಬಹುತೇಕ ಅಲ್ಲೇ ಎಲ್ಲೋ ಇರುತ್ತದೆ. ತಮ್ಮ ಈಗ ತನ್ನ ಲೆಜೆಂಡ್ ಅಭಿಯಾನದ ಮಾಡ್ ಪಟ್ಟಿಯನ್ನು ಉದ್ಯಮಬಾಗದ ಶಾಪಿನ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದಾನೆ. ಪ್ರತಿ ಹೆಸರಿನ ಎದುರು ನಕಲು ಮಾಡಿದ ತಾರೀಖು, ಕೊನೆಯಲ್ಲಿ ಚೆಕ್ ಮಾಡಿದವರ ಸಹಿ ಎಂಬ ಚೌಕದೊಳಗೆ ತನ್ನದೇ ಒಂದು ಸಹಿ.